ಕಾರಿನ ಹಗ್ಗ

೧೪ ಫೆಬ್ರವರಿ ೧೯೫೪, ಭಾನುವಾರ

ಇಡೀ ಕೊಡಗು ರಾಜ್ಯದಲ್ಲಿ ಮೋಟಾರು ಕಾರಿನ ವಿಷಯ ನನ್ನಷ್ಟು ಬಲ್ಲವನು ಇನ್ನೊಬ್ಬನಿಲ್ಲ. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳು ಕುಶಾಲನಗರದ ಸೇತುವೆ ಹತ್ತಿರ ಸಾಲಾಗಿ ಕೆಟ್ಟು ನಿಂತಾಗ ಬರೀ ಕಿವಿಯಿಟ್ಟು ಕೇಳಿ ಎಲ್ಲದರ ರೋಗ ಹೇಳಿದವನು ನಾನು. ಮಿಲಿಟರಿ ದೊರೆ ಕೈ ಕುಲುಕಿ, ‘ಸಣ್ಣಸ್ವಾಮಿ, ನೀನು ಇಂಗ್ಲೆಂಡಿನಲ್ಲಿ ಹುಟ್ಟಬೇಕಿತ್ತು’ ಎಂದ. ಕನ್ನಡದಲ್ಲೇ ಹೇಳಿದ.

ಬೆಳಿಗ್ಗೆ ಕರೆದ ಹಾಲು ಒಳಗೆ ಕೊಟ್ಟು, ರೊಟ್ಟಿ ಮುಂದೆ ಕೂತು ಇದನ್ನೇ ಹೇಳಿದೆ. ವನಜ ಒಲೆ ಮುಂದೆಯೇ ನಕ್ಕಳು. ‘ಯುದ್ಧದ ಕಾಲ್ದಲ್ಲಿ ನೀವು ಚಳಿಜ್ವರ ಬಂದು ಕಂಬ್ಳಿ ಹೊದ್ದು ಬಿದ್ಕೊಂಡಿದ್ರಿ. ಸೇತುವೆ ಹತ್ರ ಹೋಗಿದ್ದು ನಾನು, ನಿಮ್ಗೆ ಔಷಧಿ ತರೋಕೆ.’ ಕಟ್ಟಿಕೊಂಡ ಹೆಂಡತಿಯೇ ಹೀಗಂದರೆ ಊರವರನ್ನು ಏನು ಹೇಳುವುದು? ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದೆ. ಆಮೇಲೆ ಹಸಿವಾಯಿತು, ತಿಂದೆ.

ಆದರೆ ತೀರ್ಮಾನ ಆಗಿದೆ. ಮನೆಗೆ ಕಾರು ತರುವವನು ನಾನೇ. ಸಿದ್ದಾಪುರದ ಹತ್ತಿರದ ನಮ್ಮ ತುಂಡು ಕಾಫಿ ತೋಟಕ್ಕೆ ಈ ವರ್ಷ ಒಳ್ಳೆಯ ಹಣ ಬಂತು. ಅಣ್ಣ ಎರಡು ಸಾವಿರದ ಐನೂರು ತೆಗೆದಿಟ್ಟಿದ್ದಾನೆ. ಶೋಕಿಗಲ್ಲ. ಕಮಲಿಗೆ. ಅಣ್ಣನ ಒಬ್ಬಳೇ ಮಗಳು, ನನ್ನ ಹೆಗಲ ಮೇಲೆ ಬೆಳೆದವಳು. ಎರಡು ವರ್ಷದ ಹಿಂದೆ ಬಾಣಂತನಕ್ಕೆ ಬಂದಿದ್ದಾಗ, ಆಷಾಢದ ಮಳೆಯಲ್ಲಿ ನೋವು ಬಂತು. ಗಾಡಿ ಹಳ್ಳದಲ್ಲಿ ಹೂತುಕೊಂಡಿತು. ಮಡಿಕೇರಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಇರಲಿಲ್ಲ. ಈಗ ಮತ್ತೆ ಐದು ತಿಂಗಳು. ಜೂನ್ ಕೊನೆಗೆ ಅಂತೆ.

ಅಣ್ಣ ಹೇಳಿದ: ‘ಸ್ವಾಮಿ, ಮಳೆ ಹಿಡಿಯೋದ್ರೊಳಗೆ ಅಂಗ್ಳದಲ್ಲಿ ಕಾರು ನಿಂತಿರ್ಬೇಕು. ನಂಗೆ ಕಾಫಿ ಗಿಡ ಬಿಟ್ರೆ ಏನೂ ಗೊತ್ತಿಲ್ಲ. ನೀನೇ ನೋಡ್ಕ.’

ನೋಡಿಕೊಳ್ಳುತ್ತೇನೆ. ಹದಿನೈದು ದಿನದ ಕೆಲಸ.

೨೫ ಫೆಬ್ರವರಿ, ಗುರುವಾರ. ಮೈಸೂರಿನಿಂದ ವಾಪಸ್, ಬಸ್ಸಿನಲ್ಲಿ ವಾಂತಿ ಮಾಡುವವರ ನಡುವೆ

ಆ ಶೋರೂಮಿಗೆ ಬೆಂಕಿ ಬೀಳಲಿ.

ಗಾಜಿನ ಬಾಗಿಲು. ಒಳಗೆ ಟೈ ಕಟ್ಟಿದ ಒಬ್ಬ. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ. ‘ಯಾರ ಡ್ರೈವರ್ ನೀವು?’ ಎಂದ. ಕೋಟು ಹಾಕಿದ್ದೆ, ಪೇಟ ಸುತ್ತಿದ್ದೆ, ಕಾಲಲ್ಲಿ ಹೊಸ ಚಪ್ಪಲಿ. ‘ಡ್ರೈವರಲ್ಲ, ಓನರು’ ಎಂದೆ. ‘ಯಾವ ಎಸ್ಟೇಟು?’ ‘ಎಣಿಸೋಕಾಗಲ್ಲ’ ಎಂದೆ. ಆಗ ಕುರ್ಚಿ ಕೊಟ್ಟ.

ಬೆಲೆ ಹೇಳಿದ. ಕಿವಿ ಕೇಳಿಸದವನ ಹಾಗೆ ಇನ್ನೊಂದು ಸಲ ಹೇಳಿಸಿದೆ. ಅಣ್ಣ ಕೊಟ್ಟ ದುಡ್ಡಿಗೆ ಅವರ ಕಾರಿನ ಒಂದು ಬಾಗಿಲು ಬರಬಹುದು. ಅಷ್ಟೂ ದುಡ್ಡು ಕೊಟ್ಟರೂ ಕಾರು ಕೈಗೆ ಬರುವುದಿಲ್ಲವಂತೆ. ಹೆಸರು ಬರೆಸಿ ಕಾಯಬೇಕಂತೆ. ಎಷ್ಟು ದಿನ? ‘ಹದಿನಾಲ್ಕು ತಿಂಗಳು. ಅದೂ ಗ್ಯಾರಂಟಿ ಇಲ್ಲ. ನೀವು ಬೇರೆ ರಾಜ್ಯದವರು ನೋಡಿ.’ ಎಮ್ಮೆಗೂ ಹತ್ತು ತಿಂಗಳು ಸಾಕು! ಹೊಳೆ ದಾಟಿದರೆ ನಾವು ಬೇರೆ ರಾಜ್ಯದವರು. ನಮ್ಮಪ್ಪ ಹಾಸನದ ಕಡೆಯಿಂದ ಮೂಟೆ ಹೊತ್ತು ಬಂದಾಗ ಇವನ ಹತ್ತಿರ ಕೇಳಿಕೊಂಡು ದಾಟಿದನೇ?

‘ಕೂತು ನೋಡಬಹುದಾ?’ ಎಂದು ಕೇಳಿದೆ. ಕೂತೆ. ಅವನು ಇನ್ಯಾರಿಗೋ ಸಲಾಮು ಹೊಡೆಯುವಾಗ ಗೇರಿನ ಕೋಲಿನ ತುದಿಯ ಕಪ್ಪು ಗುಂಡು ತಿರುಗಿಸಿ ಬಿಚ್ಚಿ ಕೋಟಿನ ಜೇಬಿಗೆ ಹಾಕಿಕೊಂಡೆ. ಈಗಲೂ ಜೇಬಿನಲ್ಲಿದೆ. ತಣ್ಣಗಿದೆ. ಸ್ವಲ್ಪ ಸಮಾಧಾನ.

೭ ಮಾರ್ಚ್, ಭಾನುವಾರ

ಸಿದ್ದಾಪುರದ ಆಚೆ ಒಬ್ಬ ದೊರೆ ಎಸ್ಟೇಟು ಮಾರಿ ತನ್ನ ದೇಶಕ್ಕೆ ಹೊರಟಿದ್ದಾನೆ. ಬಂಗಲೆಯ ಸಾಮಾನೆಲ್ಲ ಹರಾಜು. ಕಾರೂ ಇದೆ ಎಂದು ಎಸ್ಟೇಟಿನ ರೈಟರ್ ಹೇಳಿ ಕಳಿಸಿದ್ದ. ನಸುಕಿನಲ್ಲೇ ಹೊರಟೆ.

ನೋಡಿದೆ. ಕೆಂಪು ಬಣ್ಣ, ಮದುಮಗಳ ಹಾಗೆ ನಿಂತಿತ್ತು. ನಮ್ಮಂಥವರನ್ನು ಹಿಂದಿನ ವರಾಂಡದಲ್ಲಿ ಕೂರಿಸಿದರು. ಸೂಟು ಹಾಕಿದವರಿಗೆ ಮುಂದಿನ ವರಾಂಡ. ಸ್ವಾತಂತ್ರ್ಯ ಬಂದದ್ದು ಆ ಬಂಗಲೆಯವರಿಗೆ ಇನ್ನೂ ಯಾರೂ ಹೇಳಿಲ್ಲ. ಹರಾಜು ಇಂಗ್ಲಿಷಿನಲ್ಲಿ. ಬಿಟ್ಟಂಗಾಲದ ಒಬ್ಬ ತೋಟದವನು ಬಾಯಿ ತೆರೆಯಲಿಲ್ಲ, ಕೈ ಎತ್ತಲಿಲ್ಲ, ಗಲ್ಲವನ್ನು ಅಕ್ಕಿಕಾಳಿನಷ್ಟು ಕೆಳಗೆ ಮಾಡಿದ, ಅಷ್ಟೆ. ಕಾರು ಅವನದಾಯಿತು! ನಾನು ಇನ್ನೂ ಕೋಟಿನ ಗುಂಡಿ ಹಾಕುತ್ತಿದ್ದೆ.

ಸಿಟ್ಟಿನಲ್ಲಿ ಮುಖದ ಮೇಲಿನ ನೊಣ ಓಡಿಸಿದೆ. ಕೈ ಎತ್ತಿದೆ ಎಂದು ಬರೆದುಕೊಂಡರು. ದೊರೆ ಸ್ನಾನ ಮಾಡುತ್ತಿದ್ದ ತಗಡಿನ ತೊಟ್ಟಿ ನನ್ನ ತಲೆಗೆ ಬಿತ್ತು. ನಾಲ್ಕೂವರೆ ರೂಪಾಯಿ. ಬೇಡ ಎಂದರೆ ಬಟ್ಲರ್ ಕಣ್ಣು ಕೆಂಪಗೆ ಮಾಡಿದ.

ಬಸ್ಸಿನ ತಲೆಯ ಮೇಲೆ ತೊಟ್ಟಿ. ಸ್ಟ್ಯಾಂಡಿನಲ್ಲಿ ನಮ್ಮ ಗಾಡಿ ಹೊಡೆಯುವ ಕರಿಯ ಕಾಯುತ್ತಿದ್ದ. ತೊಟ್ಟಿ ನೋಡಿದ, ನನ್ನ ನೋಡಿದ. ‘ಚಿಕ್‌ಗೌಡ್ರೇ, ಇದ್ಕೆ ಚಕ್ರ ಎಲ್ಲಿ ಹಾಕ್ತಾರೆ?’

ಕತ್ತೆ ನನ್ಮಗ. ಮನೆಯಲ್ಲಿ ಹೇಳಿದೆ: ದೊರೆ ನನಗೆ ಪ್ರೀತಿಯಿಂದ ಕೊಟ್ಟದ್ದು.

೨೮ ಮಾರ್ಚ್, ಭಾನುವಾರ

ಮೂರು ವಾರ ಬರೆಯಲಿಲ್ಲ. ಬರೆಯಲು ಕೂತರೆ ಪೆನ್ಸಿಲು ಮುರಿಯುತ್ತದೆ, ಅಷ್ಟು ಸಿಟ್ಟು.

ನಿನ್ನೆ ತಿತಿಮತಿ. ಮರದ ಕಂಟ್ರಾಕ್ಟರನ ಕಾರು. ‘ಫಸ್ಟ್ ಕ್ಲಾಸ್ ಕಂಡೀಷನ್’ ಎಂದು ಕಾಗದ ಬರೆಸಿದ್ದ. ಬಾಗಿಲು ತೆಗೆದರೆ ಹಿಂದಿನ ಸೀಟಿನಲ್ಲಿ ಹೇಟೆ ಕೋಳಿ ಕಾವಿಗೆ ಕೂತಿದೆ. ನನ್ನ ಕೈ ಕುಕ್ಕಿತು. ಕಂಟ್ರಾಕ್ಟರ್ ನನ್ನನ್ನೇ ಬೈದ: ‘ನಿಧಾನ ಮಾರಾಯ್ರೇ, ಮೊಟ್ಟೆ ಒಡೀತದೆ!’ ಇಂಜಿನು ಹಚ್ಚಿ ಎಂದೆ. ಹಚ್ಚಲು ನಾಲ್ಕು ಜನ ತಳ್ಳಬೇಕು. ತಳ್ಳಿದರು, ನಾನೂ ತಳ್ಳಿದೆ. ಹೊಗೆ ಬಂತು, ಸದ್ದು ಬಂತು, ಕಾರು ಬರಲಿಲ್ಲ. ‘ಇಳಿಜಾರಲ್ಲಿ ಬಿಟ್ಟು ನೋಡಿ, ಬಂಗಾರ’ ಎಂದ. ಮಡಿಕೇರಿ ಇರುವುದು ಏರಿನಲ್ಲಿ ಕಣಯ್ಯ ಎಂದೆ. ‘ಬರುವಾಗ ಇಳಿಜಾರಲ್ವಾ?’ ಎಂದ.

ಹೊರಡುವಾಗ ಅವನ ಹೇಟೆಯ ಕೆಳಗಿಂದ ಎರಡು ಮೊಟ್ಟೆ ಎತ್ತಿಕೊಂಡು ಬಂದೆ. ಬೇಯಿಸಿದರೆ ಒಳಗೆ ಮರಿ. ಎಲ್ಲರೂ ಮೋಸಗಾರರು.

ಹೋದ ವಾರ ಬಾಣಂತನಕ್ಕೆ ಬಂದ ಕಮಲಿ ಸಂಜೆ ಜಗುಲಿಯಲ್ಲಿ ಕೂತು ಇದನ್ನೆಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಹೇಳಿದಳು: ‘ಚಿಕ್ಕಪ್ಪ, ಕಾರು ಚೆನ್ನಾಗಿರ್ಬೇಕು ಅಂತಿಲ್ಲ. ಹಳ್ಳ ದಾಟಿದ್ರೆ ಸಾಕು ನಂಗೆ.’ ಅವಳ ಪಾದ ಊದಿಕೊಂಡಿದೆ. ಅತ್ತಿಗೆ ಬಿಸಿನೀರು ಇಟ್ಟು ಉಜ್ಜುತ್ತಿದ್ದರು, ನನ್ನ ಕಡೆ ನೋಡಲಿಲ್ಲ.

೯ ಏಪ್ರಿಲ್, ಶುಕ್ರವಾರ

ಕುಶಾಲನಗರದಲ್ಲಿ ಜವರಯ್ಯ ಸಿಕ್ಕಿದ! ಎತ್ತಿನ ದಲ್ಲಾಳಿ ಜವರಯ್ಯ, ಹೊಳೆ ಆಚೆಯವನು. ಜಾತ್ರೆಗಳಲ್ಲಿ ಎಷ್ಟು ಜೋಡಿ ಹಿಡಿದಿದ್ದೇವೆ ಇಬ್ಬರೂ ಸೇರಿ. ಈಗ ಕೈಗೆ ವಾಚು, ಕಾಲಿಗೆ ಬೂಟು. ಎತ್ತು ಬಿಟ್ಟು ಲಾರಿ, ಕಾರಿನ ವ್ಯಾಪಾರಕ್ಕೆ ಇಳಿದಿದ್ದಾನಂತೆ.

ಹೋಟೆಲಿನಲ್ಲಿ ಕಾಫಿ ಕುಡಿಸಿದ. ಇಷ್ಟು ದಿನದಲ್ಲಿ ನನಗೆ ಕಾಫಿ ಕುಡಿಸಿದ ಮೊದಲ ಕಾರಿನವನು.

‘ಸ್ವಾಮಣ್ಣ, ಟೈ ಕಟ್ದೋರ ಹತ್ರ ನಿಮ್ಮಂಥೋರು ಹೋಗ್ಬಾರ್ದು. ಅವ್ರಿಗೆ ಎತ್ತಿನ ಹಲ್ಲು ನೋಡೋಕೆ ಬರುತ್ತಾ? ನಮ್ ಹತ್ರ ಬಂದಿದೆ ಒಂದು. ಆಸ್ಟಿನ್. ಎರಡ್ ಹಲ್ಲಿನ ಎಳೇ ಹೋರಿ ಅಂದ್ಕೊಳ್ಳಿ.’

ಇದು ಮಾತು. ಮನುಷ್ಯರ ಭಾಷೆ.

ಬೆಲೆ ಮಾತ್ರ ಸ್ವಲ್ಪ ಮೇಲಾಗಬಹುದು ಎಂದ. ಎಷ್ಟು ಮೇಲೆ ಎಂದು ಹೇಳಲಿಲ್ಲ. ಜವರಯ್ಯ ಬೆಲೆಯನ್ನು ಬಾಯಲ್ಲಿ ಹೇಳುವವನಲ್ಲ.

೧೨ ಏಪ್ರಿಲ್, ಸೋಮವಾರ

ಗಾಡಿ ಎತ್ತು ಮಾರಿದೆ. ಎಂಟುನೂರು. ಹುಣಸೂರು ಕಡೆಯ ರೈತನಿಗೆ. ಇಂಥ ಬೆಲೆ ಈ ಸೀಮೆಯಲ್ಲಿ ಯಾರೂ ತಂದಿಲ್ಲ.

ಅಣ್ಣ ಗೊಣಗಿದ. ‘ಕಾರು ಬಂದ್ಮೇಲೆ ಮಾರಿದ್ರೆ ಆಗ್ತಿರ್ಲಿಲ್ವಾ?’ ಕಾರು ನಿಲ್ಲುವ ಅಂಗಳದಲ್ಲಿ ಸಗಣಿ ಬೀಳಬಾರದು ಎಂದೆ. ಉಳುವ ಎತ್ತು ಹೇಗೂ ಇವೆಯಲ್ಲ, ಗಿಡ್ಡ ಜಾತಿ. ಅವು ಗಾಡಿಗಾಗುವುದಿಲ್ಲ. ಆಗದಿದ್ದರೇನು, ಇನ್ನು ಗಾಡಿಯೇ ಬೇಡ.

ಎತ್ತುಗಳ ಕೊರಳಿನಿಂದ ಹಗ್ಗ ಬಿಚ್ಚಿ ಕರಿಯ ತನ್ನ ಹೆಗಲಿಗೆ ಹಾಕಿಕೊಂಡ. ಕೊಂಡವನು ತನ್ನ ಹಗ್ಗ ತಂದಿದ್ದ. ನಮ್ಮಲ್ಲಿ ಅದು ರೂಢಿ. ಪ್ರಾಣಿ ಕೊಡಬಹುದು, ಹಗ್ಗ ಕೊಡಬಾರದು. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ. ಎತ್ತು ಹೋದ ದಾರಿ ನೋಡಿಕೊಂಡು ಕರಿಯ ನಿಂತ. ಕಾಫಿ ಕೊಟ್ಟರೆ ಕುಡಿಯಲಿಲ್ಲ. ನನ್ನ ಮೇಲೆ ಸಿಟ್ಟಂತೆ! ಎತ್ತು ಅವನಪ್ಪನದೇ?

೧೫ ಏಪ್ರಿಲ್, ಗುರುವಾರ

ಆಯಿತು. ಕಾರು ನನ್ನದು. ನಮ್ಮದು.

ಬೈಲಕುಪ್ಪೆ ಹತ್ತಿರದ ಮಾವಿನ ತೋಪಿನಲ್ಲಿ ನಿಲ್ಲಿಸಿದ್ದ. ಕಪ್ಪು. ಬಣ್ಣದ ವಾಸನೆ ಇನ್ನೂ ಹೋಗಿಲ್ಲ, ಅಷ್ಟು ಹೊಸದು. ಸುತ್ತ ಮೂರು ಸಲ ಬಂದೆ. ಟೈರಿನ ಹಲ್ಲು ನೋಡಿದೆ, ಗೊರಸು ತಟ್ಟುವ ಹಾಗೆ ಚಕ್ರ ತಟ್ಟಿದೆ, ಬೆನ್ನಿನ ಮೇಲೆ ಕೈಯಾಡಿಸಿದೆ. ಜವರಯ್ಯನ ಆಳು ನನ್ನನ್ನು ಕೂರಿಸಿ ರಸ್ತೆಯಲ್ಲಿ ಎರಡು ಮೈಲಿ ಓಡಿಸಿದ. ಒಂದು ಕೆಮ್ಮಿಲ್ಲ. ಏರಿನಲ್ಲೂ ನಿಲ್ಲಲಿಲ್ಲ.

ಆಮೇಲೆ ಜವರಯ್ಯ ಹೆಗಲಿನ ಟವೆಲ್ ತೆಗೆದು ನನ್ನ ಕೈ ಮೇಲೆ ಹೊದಿಸಿದ. ಎತ್ತಿನ ವ್ಯಾಪಾರದ ಹಾಗೆಯೇ. ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಹೇಳುವುದು, ಬಾಯಲ್ಲಿ ಮಳೆ ಬೆಳೆ ಮಾತಾಡುವುದು. ಪಕ್ಕದಲ್ಲಿ ನಿಂತವನಿಗೂ ತಿಳಿಯಬಾರದು. ತಿಳಿಯುವುದು ಎರಡು ಕೈಗೆ ಮಾತ್ರ. ಈ ವಿದ್ಯೆಯಲ್ಲಿ ನನ್ನನ್ನು ಸೋಲಿಸಿದವರಿಲ್ಲ!

ಮರದ ಕೆಳಗೆ ದಪ್ಪ ಉಂಗುರದ ಒಬ್ಬ ನಿಂತಿದ್ದ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸಾಹುಕಾರ, ಅವನೂ ಇದೇ ಕಾರಿಗೆ ಬಂದವನು. ನಾನು ಬೆರಳು ಸಡಿಲ ಮಾಡಿದಾಗೆಲ್ಲ ಅವನು ಎರಡು ಹೆಜ್ಜೆ ಹತ್ತಿರ ಬರುತ್ತಿದ್ದ. ‘ಏನು, ಗೌಡ್ರ ಕೈ ಬೆವರ್ತಾ ಇದ್ಯಾ?’ ಎಂದು ನಕ್ಕ. ಯಾರ ಕೈ ಬೆವರಿದ್ದು? ಅದುಮಿದೆ. ಒಪ್ಪಿದೆ ಎಂದು ಬಲವಾಗಿ ಅದುಮಿದೆ. ಜವರಯ್ಯ ಟವೆಲ್ ಕೊಡವಿದ. ವ್ಯಾಪಾರ ಮುಗಿಯಿತು.

ಎಷ್ಟಕ್ಕೆ ಎಂದು ಇಲ್ಲಿ ಬರೆಯುವುದಿಲ್ಲ. ಟವೆಲಿನ ಕೆಳಗಿನದು ಟವೆಲಿನ ಕೆಳಗೇ ಇರಬೇಕು.

ಕಾರಿನ ಪುಸ್ತಕ ಕೇಳಿದೆ. ಅದೂ ನನಗೆ ಗೊತ್ತು, ಕಾರು ಯಾರದೆಂದು ಬರೆದ ಸರ್ಕಾರದ ಪುಸ್ತಕ ಒಂದಿರುತ್ತದೆ. ಜವರಯ್ಯ ಗಲ್ಲ ಬಡಿದುಕೊಂಡ. ‘ಸ್ವಾಮಣ್ಣ, ನೀವು ಹೀಗೆ ಕೇಳೋದಾ! ಅದು ಕಾರಿನ ಹಗ್ಗ ಅಲ್ವಾ? ಮಾರಿದೋನು ಹಗ್ಗ ಕೊಡ್ತಾನಾ? ಇದು ಮೈಸೂರಿಂದು. ನಿಮ್ದು ಕೊಡಗು. ಮಡಿಕೇರೀಲಿ ನಿಮ್ದೇ ಹೊಸಾ ಪುಸ್ತಕ ಮಾಡಿಸ್ಕೊಳ್ಳಿ. ನಿಮ್ಮ ಹಗ್ಗ ನೀವು ಹಾಕ್ಕೊಳ್ಳಿ.’

ನ್ಯಾಯವಾದ ಮಾತು. ನಾನೇ ಮೊನ್ನೆ ಎತ್ತಿಗೆ ಹಾಗೇ ಮಾಡಲಿಲ್ಲವೇ? ಎಲೆ ಅಡಿಕೆ ಹಾಕಿಕೊಂಡೆವು.

೧೬ ಏಪ್ರಿಲ್, ಶುಕ್ರವಾರ

ಆರತಿ ಎತ್ತಿ ಒಳಗೆ ಕರೆದರು. ನನಗಲ್ಲ, ಕಾರಿಗೆ.

ಎಷ್ಟಾಯಿತು ಎಂದು ಅಣ್ಣ ಕೇಳಿದ. ಎರಡು ಸಾವಿರದ ಮುನ್ನೂರು ಎಂದೆ. ಉಳಿದ ಇನ್ನೂರು ಎಲ್ಲರ ಮುಂದೆ ಅವನ ಕೈಗೆ ವಾಪಸ್ ಕೊಟ್ಟೆ. ಅಣ್ಣ ನನ್ನ ಬೆನ್ನು ತಟ್ಟಿದ. ಚಿಕ್ಕಂದಿನಿಂದ ಈವರೆಗೆ ಅವನು ನನ್ನ ಬೆನ್ನು ತಟ್ಟಿದ್ದು ನೆನಪಿಲ್ಲ. ಎತ್ತಿನ ಎಂಟುನೂರು ನನ್ನ ಪೆಟ್ಟಿಗೆಯಲ್ಲಿ ಭದ್ರವಾಗಿದೆ, ಮಳೆಗಾಲದ ಖರ್ಚಿಗೆ ಇರಲಿ ಎಂದೂ ಹೇಳಿದೆ.

ಅತ್ತಿಗೆ ಮಾತ್ರ ಆರತಿ ತಟ್ಟೆ ಹಿಡಿದೇ ಕೇಳಿದರು: ‘ಕಾಗ್ದ ಪತ್ರ ಏನೂ ಕೊಡ್ಲಿಲ್ವಾ ಸ್ವಾಮಪ್ಪ?’ ಹೆಂಗಸರಿಗೆ ವ್ಯಾಪಾರದ ರೂಢಿ ಏನು ಗೊತ್ತು. ಹಗ್ಗದ ಮಾತು ಹೇಳಿದೆ. ‘ಎತ್ತಿಗೆ ಪೋಲೀಸ್ನೋರು ಹಗ್ಗ ಕೇಳಲ್ಲ’ ಎಂದರು. ಇಂಥ ದಿನ ಇಂಥ ಮಾತೇ?

೨ ಮೇ, ಭಾನುವಾರ

ಡ್ರೈವರ್ ಸೋಮನಿಗೂ ನನಗೂ ದಿನಾ ಜಗಳ. ಸಿದ್ದಾಪುರದ ಎಸ್ಟೇಟಿನಲ್ಲಿ ಲಾರಿ ಓಡಿಸುತ್ತಿದ್ದವನು, ರೈಟರ್ ಜೊತೆ ಹೊಡೆದಾಡಿ ಬಿಟ್ಟು ಬಂದವನು. ಹಾರನ್ ನಾನೇ ಒತ್ತುತ್ತೇನೆ ಎಂದರೆ ಬಿಡುವುದಿಲ್ಲ. ‘ಸುಮ್ಸುಮ್ನೆ ಒತ್ತಿದ್ರೆ ಬ್ಯಾಟ್ರಿ ಹೋಯ್ತದೆ ಗೌಡ್ರೇ.’ ಕೊಂಡವನು ನಾನು, ಒತ್ತುವವನು ಅವನು! ಅವನು ಊಟಕ್ಕೆ ಹೋದಾಗ ಕೂತು ಒತ್ತಿದೆ. ಬಾವಿಕಟ್ಟೆಯ ಹೆಂಗಸರು ಬಿಂದಿಗೆ ಬಿಟ್ಟು ಓಡಿದರು. ಒಂದು ಬಿಂದಿಗೆ ಒಡೆಯಿತು. ಕೊಟ್ಟೆ ಅದರ ದುಡ್ಡು.

ಕಮಲಿಯನ್ನು ಕೂರಿಸಿ ಹಳ್ಳ ದಾಟಿಸಿ ತೋರಿಸಿದೆವು. ಹೋಗುವಾಗ ಅವಳು ನನ್ನ ತೋಳು ಹಿಡಿದಿದ್ದಳು. ದಾಟಿದ ಮೇಲೆ ಬಿಟ್ಟಳು.

ಮಡಿಕೇರಿಗೆ ಹೋಗಿ ಹೊಸ ಪುಸ್ತಕ ಮಾಡಿಸಬೇಕು. ಮುಂದಿನ ವಾರ ಹೋದರಾಯಿತು. ಸರ್ಕಾರಿ ಕಚೇರಿ, ಹೋದ ತಕ್ಷಣ ಹಳೆಯ ಪುಸ್ತಕ ತಾ ಎನ್ನುತ್ತಾರೆ...

೧೯ ಮೇ, ಬುಧವಾರ

ಹೋಯಿತು.

ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ಪೋಲೀಸಿನವರು, ಜೊತೆಗೆ ಕರಿ ಕೋಟಿನ ಹುಣಸೂರಿನ ವಕೀಲ. ಬಂದವನೇ ಅಂಗಳದಲ್ಲಿ ನಿಂತ ಕಾರಿನ ಬಾಗಿಲು ತೆಗೆದು, ಒಳಗೆ ಕೈ ಹಾಕಿ, ಸೀಟಿನ ಕೆಳಗಿನ ಹಸಿರು ಬಣ್ಣ ತೋರಿಸಿದ. ಮೇಲೆ ಕಪ್ಪು, ಕೆಳಗೆ ಹಸಿರು. ಅವನ ಕಾರು. ಮೂರು ತಿಂಗಳ ಹಿಂದೆ ರಿಪೇರಿಗೆ ಎಂದು ಕೊಟ್ಟದ್ದು ಕಾಣೆಯಾಗಿತ್ತಂತೆ. ಪುಸ್ತಕ ಅವನ ಕೈಯಲ್ಲಿತ್ತು. ಜವರಯ್ಯನ ಹತ್ತಿರ ಅದು ಯಾವತ್ತೂ ಇರಲೇ ಇಲ್ಲ!

ಬಿಟ್ಟೇನೇ? ಕಾರಿನ ಮುಂದೆ ಮಲಗಿದೆ. ‘ಇದು ನಮ್ಮ ಅಂಗಳ, ನಮ್ಮ ಕಾರು, ಕೊಡಗು ರಾಜ್ಯ, ಮೈಸೂರಿನ ವಕೀಲನಿಗೆ ಇಲ್ಲೇನು ಕೆಲಸ’ ಎಂದು ಕೂಗಿದೆ. ದಫೇದಾರ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮೆಲ್ಲಗೆ ಕೇಳಿದ: ‘ಗೌಡ್ರೇ, ಕೊಂಡಿದ್ದಕ್ಕೆ ಏನಾದ್ರೂ ಗುರ್ತು ಇದ್ಯಾ? ಚೀಟಿ, ರಸೀದಿ?’ ಇಲ್ಲ. ‘ಬೆಲೆ ಆಡಿದ್ದು ಕೇಳಿಸ್ಕೊಂಡೋರು?’ ಟವೆಲ್ ಎಂದೆ. ಅವನಿಗೆ ಅರ್ಥವಾಯಿತು. ಅವನೂ ಎತ್ತು ಕಟ್ಟಿದವನೇ ಇರಬೇಕು. ತಲೆ ಅಲ್ಲಾಡಿಸಿ, ಕೈ ಹಿಡಿದು ಎಬ್ಬಿಸಿದ.

ವಕೀಲ ಒಳ್ಳೆಯವನಂತೆ ಮಾತಾಡಿದ. ‘ನಿಮಗೂ ಮೋಸ ಆಗಿದೆ’ ಎಂದ. ಅದಕ್ಕೇ ಜಾಸ್ತಿ ಸಿಟ್ಟು ಬಂತು. ಸೋಮನೇ ಕಾರು ಓಡಿಸಿಕೊಂಡು ಸೇತುವೆವರೆಗೆ ಬಿಟ್ಟು ಬಂದ, ಅವರು ಕೊಟ್ಟ ಎರಡು ರೂಪಾಯಿಗೆ. ನಾಯಿ.

ಕಮಲಿ ಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆ ಮೇಲೆ ಕೈ ಇಟ್ಟುಕೊಂಡು. ನಾನು ಅತ್ತ ನೋಡಲಿಲ್ಲ.

೨೦ ಮೇ, ಗುರುವಾರ

ಹೊಳೆ ಆಚೆ ಹೋದೆ. ತೋಪಿನಲ್ಲಿ ಯಾರೂ ಇಲ್ಲ. ಜವರಯ್ಯನ ಮನೆಗೆ ಬೀಗ. ಪಕ್ಕದ ಮನೆಯ ಮುದುಕಿ ಹೇಳಿದಳು: ದಪ್ಪ ಉಂಗುರದವನು ಸಾಹುಕಾರನೂ ಅಲ್ಲ, ಏನೂ ಅಲ್ಲ, ಜವರಯ್ಯನ ಭಾವಮೈದ. ಅವನಿಗೆ ಹೆದರಿ ನಾನು ಬೆರಳು ಅದುಮಿದ್ದು!

ಕುಸ್ತಿಗೆ ಕರೆಯಬೇಕಿತ್ತು ಅಲ್ಲೇ. ಬೀಗಕ್ಕೆ ಸಗಣಿ ಮೆತ್ತಿ ಬಂದೆ. ಚೆನ್ನಾಗಿ, ಒಳಗೆ ಹೋಗುವ ಹಾಗೆ.

ಆ ಕಡೆ ಠಾಣೆಯಲ್ಲಿ ಹೇಳಿದರು: ‘ನೀವು ಕೊಡಗಿನೋರು, ಅಲ್ಲಿ ದೂರು ಕೊಡಿ.’ ಈ ಕಡೆ ಠಾಣೆಯಲ್ಲಿ ಹೇಳಿದರು: ‘ವ್ಯಾಪಾರ ಆಗಿದ್ದು ಮೈಸೂರು ರಾಜ್ಯದಲ್ಲಿ, ಅಲ್ಲಿ ಕೊಡಿ.’ ಸೇತುವೆ ಮೇಲೆ ನಾಲ್ಕು ಸಲ ಓಡಾಡಿದೆ. ನಡುವೆ ನಿಂತು ಇಬ್ಬರಿಗೂ ಬೈದೆ. ಕೆಳಗೆ ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿ ನೋಡಿದರು.

ಅಣ್ಣ ಬೈಯಲಿಲ್ಲ. ‘ಎರಡು ಸಾವಿರದ ಮುನ್ನೂರು ಹೋಯ್ತು ಅಂದ್ಕೊಳ್ಳೋಣ. ಎತ್ತಿನ ದುಡ್ಡಾದ್ರೂ ಉಳೀತಲ್ಲ’ ಎಂದ. ಬೈದಿದ್ದರೆ ಚೆನ್ನಾಗಿತ್ತು. ಬೈದರೆ ತಿರುಗಿ ಬೈಯಬಹುದು.

೬ ಜೂನ್, ಭಾನುವಾರ

ಮಳೆ ಹಿಡಿಯಿತು. ಹಳ್ಳ ಮೊಣಕಾಲಿಗೆ ಬಂದಿದೆ.

ಅಣ್ಣ ಬೆಳಿಗ್ಗೆ ಕರೆದ. ‘ಸ್ವಾಮಿ, ಆ ಎಂಟುನೂರು ತಾ. ಮಡಿಕೇರೀಲಿ ಆಸ್ಪತ್ರೆ ಹತ್ರ ಒಂದು ರೂಮು ನೋಡಿದ್ದೀನಿ. ಕಮಲಿನೂ ನಿಮ್ಮತ್ತಿಗೇನೂ ಈಗ್ಲೇ ಬಿಟ್ಟು ಬರ್ತೀನಿ. ಉಳಿದ್ರಲ್ಲಿ ಒಂದು ಜೋಡಿ ಎತ್ತು ನೋಡೋಣ.’ ವಾಪಸ್ ಕೊಟ್ಟ ಇನ್ನೂರು ತೋಟದ ಕಳೆಗೆ ಖರ್ಚಾಗಿದೆ. ಅಣ್ಣ ಹೊರಗಿನವರ ಮುಂದೆ ಕೈ ಚಾಚುವವನಲ್ಲ.

ನನ್ನ ಬಾಯಿಗೆ ಏನು ಬಂತೋ. ಬಿಟ್ಟಂಗಾಲದ ಪಾರ್ಟಿಯೊಂದಕ್ಕೆ ಕೈಗಡ ಕೊಟ್ಟಿದ್ದೇನೆ, ದೊಡ್ಡ ಮನುಷ್ಯ, ಇಪ್ಪತ್ತರೊಳಗೆ ಕೊಡುತ್ತಾನೆ ಎಂದೆ. ಬಿಟ್ಟಂಗಾಲದಲ್ಲಿ ನನಗೆ ಗೊತ್ತಿರುವವನು ಗಲ್ಲ ಅಲ್ಲಾಡಿಸಿ ಕಾರು ಕೊಂಡವನೊಬ್ಬ. ಅವನ ಹೆಸರೂ ಗೊತ್ತಿಲ್ಲ.

‘ಇಪ್ಪತ್ತು... ತಿಂಗಳ ಕೊನೆ ಅಲ್ವಾ ಅವಳ್ದು, ಆಗ್ಬೋದು’ ಎಂದ ಅಣ್ಣ. ನಂಬಿದ. ಯಾಕೆ ನಂಬುತ್ತಾನೆ? ಅವನ ಮೇಲೂ ಸಿಟ್ಟು ಬರುತ್ತದೆ.

ಸಂಜೆ ವನಜ ನನ್ನ ಪೆಟ್ಟಿಗೆ ಒರೆಸುತ್ತಿದ್ದಳು. ಬೀಗ ಹಾಕಿದ ಪೆಟ್ಟಿಗೆಯನ್ನು ಎತ್ತಿ ಇಟ್ಟಳು. ‘ಹಗುರ ಇದೆ’ ಎಂದಳು. ಅಷ್ಟೇ ಅಂದಳು.

೧೭ ಜೂನ್, ಗುರುವಾರ. ಮಡಿಕೇರಿ

ಹದಿನೈದರಿಂದ ಬಿಡದೆ ಮಳೆ. ನಿನ್ನೆ ಬೆಳಗಿನ ಗಂಜಿ ಕುಡಿಯುವಾಗ ಕಮಲಿಗೆ ನೋವು ಬಂತು. ಎರಡು ವಾರ ಮೊದಲೇ.

ಗಾಡಿ ಇದೆ, ಎತ್ತಿಲ್ಲ. ಪಕ್ಕದವರ ಎತ್ತು ಹಳ್ಳಕ್ಕೆ ಇಳಿಯಲಿಲ್ಲ. ಕರಿಯ ಮಂಚಕ್ಕೆ ಎರಡು ಬಿದಿರು ಕಟ್ಟಿದ. ನಾಲ್ಕು ಜನ ಹೆಗಲು ಕೊಟ್ಟರು, ಮೇಲೆ ಕಂಬಳಿ, ಅದರ ಮೇಲೆ ಮಳೆ ತಡೆಯುವ ಎಲೆಯ ಗೊರಗ. ಹಳ್ಳದ ಮರದ ಸಂಕದ ಮೇಲೆ ಒಬ್ಬೊಬ್ಬರಾಗಿ ಕಾಲಿಟ್ಟರು. ಕಮಲಿ ಕೂಗಲಿಲ್ಲ. ಬಿದಿರು ಕಚ್ಚಿಕೊಂಡ ಹಾಗೆ ಹಲ್ಲು ಕಚ್ಚಿದ್ದಳು. ಕಾರಿದ್ದರೂ ಈ ನೀರಿನಲ್ಲಿ ದಾಟುತ್ತಿರಲಿಲ್ಲ ಎಂದು ನಾನು ಹೇಳಿದೆ. ಅತ್ತಿಗೆ ತಿರುಗಿದರು. ‘ಕಾರಿದ್ದಿದ್ರೆ ಮಳೆಗೆ ಮೊದ್ಲೇ ಹೋಗಿರ್ತಿದ್ವಿ. ದುಡ್ಡಿದ್ದಿದ್ರೂ ಹೋಗಿರ್ತಿದ್ವಿ. ಬಾಯ್ಮುಚ್ಚಿ ಓಡಿ, ಬಸ್ ನಿಲ್ಸಿ.’

ಓಡಿದೆ. ಮೂರು ಮೈಲಿ, ಕೆಸರಲ್ಲಿ. ಬಸ್ಸು ತುಂಬಿತ್ತು, ನಿಲ್ಲಿಸುವ ಹಾಗೆ ಕಾಣಲಿಲ್ಲ. ರಸ್ತೆ ನಡುವೆ ನಿಂತೆ. ಡ್ರೈವರ್ ತಲೆ ಹೊರಗೆ ಹಾಕಿ, ‘ಸಾಯೋಕೆ ಬೇರೆ ಬಸ್ಸು ಸಿಗ್ಲಿಲ್ವೇನಯ್ಯಾ?’ ಎಂದ. ನಾನು ಏನೇನು ಬೈದೆ ಗೊತ್ತಿಲ್ಲ. ಆಮೇಲೆ ಕೈ ಮುಗಿದೆ. ಜನ ಸೀಟು ಬಿಟ್ಟು ಎದ್ದರು. ಮಂಚ ಬರುವ ತನಕ ಬಸ್ಸು ಅಲ್ಲೇ ನಿಂತಿತ್ತು. ಏರಿನಲ್ಲಿ ಆ ಡ್ರೈವರ್ ಒಂದು ಹಾರನ್ ಕೂಡ ಒತ್ತಲಿಲ್ಲ, ಹೂವು ಹೊತ್ತ ಹಾಗೆ ಓಡಿಸಿದ.

ಮಧ್ಯಾಹ್ನ ಮೂರೂವರೆಗೆ ಹೆಣ್ಣು ಮಗು. ಮೊದಲು ಅಳಲಿಲ್ಲವಂತೆ. ನರ್ಸಮ್ಮ ಕಾಲು ಹಿಡಿದು ಬೆನ್ನಿಗೆ ಬಡಿದರಂತೆ. ಬಾಗಿಲ ಈಚೆ ಕೂತಿದ್ದ ನಮಗೆ ಕೇಳಿಸಿದ್ದು ಬರೀ ಮಳೆ. ತುಂಬಾ ಹೊತ್ತು ಮಳೆ. ಆಮೇಲೆ ಅತ್ತಿತು.

ಕರಿಯ ಹೋಗಿ ಗೋಡೆಗೆ ಮುಖ ಮಾಡಿ ನಿಂತ. ನಾನೂ ಅವನ ಪಕ್ಕ ಹೋಗಿ ನಿಂತೆ.

೧೯ ಜೂನ್, ಶನಿವಾರ. ಆಸ್ಪತ್ರೆಯ ವರಾಂಡ

ಬೆಳಿಗ್ಗೆ ಒಳಗೆ ಬಿಟ್ಟರು. ಕಮಲಿ ಬಿಳುಚಿಕೊಂಡಿದ್ದಾಳೆ. ಮಗುವನ್ನು ನನ್ನ ಕೈಗೆ ಕೊಟ್ಟಳು. ‘ನಿಮ್ಮ ಮೂಗೇ ಬಂದಿದೆ ಚಿಕ್ಕಪ್ಪ, ಸುಳ್ಳು ಹೇಳಿದ್ರೆ ಅರಳ್ತದೆ’ ಎಂದಳು. ನಗಲು ಆಗಲಿಲ್ಲ ನನಗೆ. ಮಗು ಒಂದು ಹಿಡಿಯಷ್ಟಿದೆ. ನನ್ನ ಬೆರಳು ಹಿಡಿದು ಅದುಮಿತು.

ಈಗಷ್ಟೇ ಅಣ್ಣ ಮಾರ್ಕೆಟಿನಿಂದ ಬ್ರೆಡ್ಡು ತಂದು, ಒದ್ದೆ ಛತ್ರಿ ಮಡಿಸಿ, ನನ್ನ ಪಕ್ಕ ಕೂತಿದ್ದ. ಇಷ್ಟು ಸಂತೋಷವಾಗಿ ಅವನನ್ನು ನೋಡಿಲ್ಲ. ‘ಹತ್ತು ದಿನಕ್ಕೆ ಮನೆಗೆ ಕಳಿಸ್ತಾರಂತೆ ಕಣೋ. ಅಷ್ಟರೊಳಗೆ ಮಳೆ ಸ್ವಲ್ಪ ಬಿಟ್ರೂ ಬಿಡುತ್ತೆ. ನಾಳೆ ಇಪ್ಪತ್ತು. ಬಿಟ್ಟಂಗಾಲದೋನ ಹತ್ರ ಎಂಟುನೂರು ಇಸ್ಕೊಂಡು, ಕರಿಯನ್ನ ಕರ್ಕೊಂಡು ಹೋಗಿ ಒಂದು ಜೋಡಿ ಹಿಡ್ಕೊಂಡು ಬಾ. ಮಗೂನ ನಮ್ಮ ಗಾಡೀಲೇ ಕರ್ಕೊಂಡು ಹೋಗೋಣ. ಕಾರು ಹೋದ್ರೆ ಹೋಯ್ತು. ಎತ್ತು ಆರ್ಸೋದ್ರಲ್ಲಿ ನಿನ್ನ ಬಿಟ್ರೆ ಯಾರಿದ್ದಾರೆ?’

ಆಗಲಿ ಎನ್ನಲು ಬಾಯಿ ತೆರೆದವನು, ಸ್ವಲ್ಪ ಇರು ಅಣ್ಣ, ಒಂದು ಬರೆಯುವುದಿದೆ ಎಂದೆ. ಅಣ್ಣ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದ್ದಾನೆ. ಕಾಯುತ್ತಿದ್ದಾನೆ.

ಬಾಯಲ್ಲಿ ಹೇಳುವ ಮೊದಲು ಒಂದು ಸಲ ಬರೆದು ನೋಡುತ್ತೇನೆ. ಟವೆಲಿನ ಕೆಳಗೆ ನನಗೂ ಜವರಯ್ಯನಿಗೂ ಬಿಟ್ಟು ಯಾರಿಗೂ ಗೊತ್ತಿಲ್ಲದ್ದು. ಬಿಟ್ಟಂಗಾಲದಲ್ಲಿ ಯಾವ ಪಾರ್ಟಿಯೂ ಇಲ್ಲ. ಪೆಟ್ಟಿಗೆಯಲ್ಲಿ ಏನೂ ಇಲ್ಲ. ಎರಡು ಸಾವಿರದ ಮುನ್ನೂರು ಅಲ್ಲ ಅಣ್ಣ. ಎತ್ತೂ ಅದಕ್ಕೇ ಹೋಯಿತು. ಮೂರು ಸಾವಿರದ ನೂರು. ಮೂರು ಸಾವಿರದ ನೂರು ರೂಪಾಯಿ, ಅಣ್ಣ, ನಾನು